ಹಳೇ ಸೀರೆ ಜಾಕೆಟ್ ಆದರೆ ತೆರಿಗೆ ಯಾಕೆ ಏರುತ್ತದೆ?

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗ ಬಟ್ಟೆಯ ಬಗ್ಗೆ ಎರಡು ಥರದ ಸುದ್ದಿ ಬಂತು. ಕೆಲವರು ಬಟ್ಟೆ ಅಗ್ಗವಾಯಿತು ಎಂದರು. ಇನ್ನು ಕೆಲವರು ದುಬಾರಿಯಾಯಿತು ಎಂದರು. ಎರಡೂ ನಿಜವೇ. ಈಗ 2,500 ರೂಪಾಯಿವರೆಗಿನ ಒಂದು ಉಡುಪಿಗೆ ಶೇ 5 ತೆರಿಗೆ. ಅದನ್ನು ದಾಟಿದರೆ ಶೇ 18. ಮೊದಲು ಈ ಗೆರೆ 1,000 ರೂಪಾಯಿಯಲ್ಲಿತ್ತು, ಅದರ ಮೇಲಿನದ್ದಕ್ಕೆ ಶೇ 12 ಇತ್ತು.

ಹೊಸ ಬಟ್ಟೆ ಕೊಳ್ಳುವವರಿಗೆ ಇದು ಬೇಗ ಅರ್ಥವಾಯಿತು. ಗೊಂದಲ ಉಳಿದದ್ದು ಹಳೇ ಬಟ್ಟೆಯ ವಿಷಯದಲ್ಲಿ. ಹಳೇ ಬಟ್ಟೆ ಬಿಚ್ಚಿ, ಕತ್ತರಿಸಿ, ಹೊಸ ಉಡುಪು ಮಾಡಿ ಮಾರುವ ಪುಟ್ಟ ಅಂಗಡಿಗಳು ಬೆಂಗಳೂರಿನಲ್ಲಿ ಈಗ ಸಾಕಷ್ಟಿವೆ. ಮನೆಯಲ್ಲೇ ಹೊಲಿದು ಇನ್‌ಸ್ಟಾಗ್ರಾಂನಲ್ಲಿ ಮಾರುವವರೂ ಇದ್ದಾರೆ. ಅಜ್ಜಿಯ ರೇಷ್ಮೆ ಸೀರೆಯಲ್ಲಿ ಜಾಕೆಟ್, ಎರಡು ಹಳೇ ಜೀನ್ಸ್ ಸೇರಿಸಿ ಒಂದು ಸ್ಕರ್ಟ್, ಅಪ್ಪನ ಶರ್ಟಿನಲ್ಲಿ ಮಗಳಿಗೊಂದು ಟಾಪ್. ಕೊಳ್ಳಲು ಹೋದವರು ಕೇಳುವ ಪ್ರಶ್ನೆ ಸರಳವಾಗಿದೆ. ಬಟ್ಟೆ ಹಳೇದು, ಯಾರೋ ಉಟ್ಟು ಬಿಟ್ಟದ್ದು. ಇದಕ್ಕೂ ಶೇ 18 ಯಾಕೆ?

ಉತ್ತರ ಸಿಗಬೇಕಾದರೆ ತೆರಿಗೆಯಿಂದ ಶುರುಮಾಡಿ ಟೈಲರ್ ಅಂಗಡಿಯ ಮೇಜಿನವರೆಗೂ ಹೋಗಬೇಕು.

ಒಂದೇ ಸೀರೆ, ಎರಡು ಲೆಕ್ಕ

ಬಳಸಿದ ವಸ್ತುಗಳನ್ನು ಕೊಂಡು ಮಾರುವವರಿಗೆ ಜಿಎಸ್‌ಟಿಯಲ್ಲಿ ಒಂದು ಅನುಕೂಲ ಇದೆ. ಕೇಂದ್ರ ಜಿಎಸ್‌ಟಿ ನಿಯಮಗಳ 32(5) ಪ್ರಕಾರ ಅವರು ಪೂರ್ತಿ ಬೆಲೆಗೆ ತೆರಿಗೆ ಕಟ್ಟಬೇಕಿಲ್ಲ. ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ವ್ಯತ್ಯಾಸಕ್ಕೆ ಮಾತ್ರ ಕಟ್ಟಿದರೆ ಸಾಕು. ಹಳೇ ಕಾರು, ಹಳೇ ಮೊಬೈಲ್ ಮಾರುವವರು ಬಳಸುವುದು ಇದೇ ನಿಯಮವನ್ನು.

ಇದಕ್ಕೆ ಎರಡು ಷರತ್ತಿವೆ. ಕೊಳ್ಳುವಾಗ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿರಬಾರದು, ಅಂದರೆ ಅದನ್ನು ಮುಂದೆ ಕಟ್ಟುವ ತೆರಿಗೆಯಿಂದ ಕಳೆದಿರಬಾರದು. ಜೊತೆಗೆ, ವಸ್ತುವನ್ನು ಇದ್ದ ಹಾಗೇ ಮಾರಬೇಕು, ಇಲ್ಲವೇ ಅದರ ಸ್ವರೂಪ ಬದಲಾಗದಷ್ಟು ಸಣ್ಣಪುಟ್ಟ ಕೆಲಸ ಮಾತ್ರ ಮಾಡಿರಬೇಕು.

ಎಲ್ಲ ತೊಡಕೂ ಈ ಎರಡನೇ ಷರತ್ತಿನಲ್ಲಿದೆ. ಹಳೇ ಶರ್ಟಿಗೆ ಬಿದ್ದುಹೋದ ಗುಂಡಿ ಹಾಕಿ, ತೊಳೆದು, ಇಸ್ತ್ರಿ ಮಾಡಿ ಮಾರಿದರೆ ಅದು ಸಣ್ಣ ಕೆಲಸ. ಶರ್ಟು ಶರ್ಟಾಗಿಯೇ ಉಳಿದಿದೆ. ಸೀರೆಯನ್ನು ಕತ್ತರಿಸಿ ಜಾಕೆಟ್ ಮಾಡಿದರೆ? ಸೀರೆ ಇಲ್ಲವಾಯಿತು, ಬೇರೆಯದೇ ವಸ್ತು ಬಂತು. ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಎಂಬ ಅನುಕೂಲ ಅಲ್ಲಿಗೆ ತಪ್ಪಿಹೋಗುತ್ತದೆ.

ಸೀರೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಲಿಯದ ಸೀರೆ ಜಿಎಸ್‌ಟಿಯ ಕಣ್ಣಿಗೆ ಉಡುಪಲ್ಲ, ಬಟ್ಟೆ. ಹಾಗಾಗಿ ಅದರ ಬೆಲೆ ಎಷ್ಟೇ ಇರಲಿ, ಶೇ 5 ಮಾತ್ರ. ಕತ್ತರಿ ಹಾಕಿ ಹೊಲಿದ ಕೂಡಲೇ ಅದು ಉಡುಪು. 2,500ರ ಗೆರೆ ಅನ್ವಯಿಸುವುದು ಆಗ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು. ನೋಂದಣಿ ಇರುವ ಒಬ್ಬ ವ್ಯಾಪಾರಿ ಒಂದು ಹಳೇ ರೇಷ್ಮೆ ಸೀರೆಯನ್ನು 1,500 ರೂಪಾಯಿಗೆ ಕೊಂಡರು ಎಂದುಕೊಳ್ಳಿ. ಅದನ್ನು ಪಾಲಿಶ್ ಮಾಡಿಸಿ, ಸೀರೆಯಾಗಿಯೇ 2,800ಕ್ಕೆ ಮಾರಿದರು. ವ್ಯತ್ಯಾಸ 1,300 ರೂಪಾಯಿ. ಅದರ ಮೇಲೆ ಶೇ 5 ಎಂದರೆ ತೆರಿಗೆ 65 ರೂಪಾಯಿ.

ಅದೇ ಸೀರೆಯನ್ನು ಒಬ್ಬ ಟೈಲರ್‌ಗೆ ಕೊಟ್ಟು, ಎರಡು ದಿನ ಕೆಲಸ ಮಾಡಿಸಿ, ಜಾಕೆಟ್ ಹೊಲಿಸಿದರು. ಅದನ್ನೂ 2,800ಕ್ಕೇ ಮಾರಿದರು. ಈಗ ಪೂರ್ತಿ 2,800ರ ಮೇಲೆ ಶೇ 18. ತೆರಿಗೆ 504 ರೂಪಾಯಿ. ಹಿಂದಿನ ಶೇ 12ರಲ್ಲಿ ಅದು 336 ಆಗುತ್ತಿತ್ತು.

ಒಂದೇ ಬಟ್ಟೆ, ಒಂದೇ ಬೆಲೆ. ಹೆಚ್ಚಿಗೆ ಸೇರಿದ್ದು ಒಬ್ಬರ ಎರಡು ದಿನದ ದುಡಿಮೆ. ತೆರಿಗೆ ಮಾತ್ರ 65ರಿಂದ 504ಕ್ಕೆ ಹೋಯಿತು. ಈ ಉದ್ಯಮದ ನಿಜವಾದ ಕಷ್ಟ ಇರುವುದು ಇಲ್ಲೇ. ಹಳೇ ವಸ್ತುವನ್ನು ಕೈ ಬದಲಾಯಿಸುವುದಕ್ಕೆ ನಮ್ಮ ನಿಯಮದಲ್ಲಿ ರಿಯಾಯಿತಿ ಇದೆ. ಅದೇ ವಸ್ತುವಿಗೆ ಕೆಲಸ ಮಾಡಿ ಇನ್ನೊಂದು ಆಯುಷ್ಯ ಕೊಟ್ಟರೆ ರಿಯಾಯಿತಿ ಇಲ್ಲ.

ಹಾಗೆಂದು ಹೊಸ ದರದಿಂದ ನಷ್ಟವೇ ಆಗಿದೆ ಎಂದೂ ಅಲ್ಲ. 1,800 ರೂಪಾಯಿಯ ಟಾಪಿಗೆ ಮೊದಲು 216 ರೂಪಾಯಿ ತೆರಿಗೆ ಇತ್ತು, ಈಗ 90. ಸಾವಿರದಿಂದ ಎರಡೂವರೆ ಸಾವಿರದ ನಡುವೆ ಮಾರುವವರಿಗೆ ಇದು ದೊಡ್ಡ ನೆಮ್ಮದಿ. ಪೆಟ್ಟು ಬಿದ್ದಿರುವುದು ಗೆರೆಯ ಆಚೆಗೆ. ರೇಷ್ಮೆ ಜಾಕೆಟ್, ಕಸೂತಿ ಹಾಕಿದ ಕೋಟು, ಲೈನಿಂಗ್ ಕೊಟ್ಟ ಲೆಹೆಂಗಾ, ಹೀಗೆ ಕೈಕೆಲಸ ಜಾಸ್ತಿ ಬೇಡುವ ಉಡುಪುಗಳೇ ಆ ಕಡೆ ಇರುವುದು.

ತೆರಿಗೆಯವರ ಮಾತಲ್ಲೂ ಹುರುಳಿದೆ

ತೆರಿಗೆ ವ್ಯವಸ್ಥೆಯನ್ನು ಬೈದುಬಿಡುವುದು ಸುಲಭ. ಆದರೆ ಅವರ ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು.

ಹಳೇ ಬಟ್ಟೆ ಬರುವುದು ಮನೆಗಳಿಂದ. ಮನೆಯವರು ಬಿಲ್ ಕೊಡುವುದಿಲ್ಲ. ಹೊಸ ಉಡುಪಿಗೂ ‘ಹಳೇ ಬಟ್ಟೆಯಿಂದ ಮಾಡಿದ್ದು’ ಎಂದು ಹೇಳಿ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟಬಹುದು ಎಂದಾದರೆ, ಹೊಸ ಥಾನಿನಿಂದ ಹೊಲಿದವರೂ ಅದನ್ನೇ ಹೇಳಬಹುದು. ಕತ್ತರಿಸಿದ ಮೇಲೆ ಇದು ಉಟ್ಟ ಬಟ್ಟೆಯೋ, ಮಿಕ್ಕ ಹೊಸ ತುಂಡೋ ಎಂದು ಹೇಗೆ ಗೊತ್ತಾಗಬೇಕು? ಕೊಂಡ ಬೆಲೆಯನ್ನು ಬಾಯಿಮಾತಿನಲ್ಲಿ ಹೆಚ್ಚಿಸಿ ಹೇಳಿದರೆ ಯಾರು ತಡೆಯಬೇಕು? ಸ್ವರೂಪ ಬದಲಾದರೆ ಹೊಸ ವಸ್ತು ಎಂದು ಗೆರೆ ಎಳೆದುಬಿಟ್ಟರೆ ಈ ತಕರಾರೇ ಇರುವುದಿಲ್ಲ.

ಸಣ್ಣ ತಯಾರಕರ ವಾದ ಇದಕ್ಕೆ ಎದುರಾದದ್ದು. ಕಾರ್ಖಾನೆಯವರು ಹೊಸ ಬಟ್ಟೆ ಕೊಂಡಾಗ ಕಟ್ಟಿದ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಿಂದ ಕಳೆಯುತ್ತಾರೆ. ಮನೆಯಿಂದ ಹಳೇ ಸೀರೆ ಕೊಂಡವರಿಗೆ ಕಳೆಯಲು ಏನೂ ಇಲ್ಲ. ಅಜ್ಜಿಯ ಸೀರೆಗೆ ಜಿಎಸ್‌ಟಿ ಬಿದ್ದಿರಲಿಕ್ಕಿಲ್ಲ, ಜಿಎಸ್‌ಟಿ ಬಂದದ್ದೇ 2017ರ ಜುಲೈಯಲ್ಲಿ. ಆದರೆ ಆಮೇಲೆ ಕೊಂಡ ಕುರ್ತಾ, ಜೀನ್ಸ್, ಶರ್ಟುಗಳಿಗೆ ಅಂಗಡಿಯಲ್ಲೇ ತೆರಿಗೆ ಕಟ್ಟಿ ಆಗಿದೆ. ಅವು ರೂಪ ಬದಲಿಸಿ ಮತ್ತೆ ಮಾರಾಟಕ್ಕೆ ಬಂದಾಗ ಅದೇ ಬಟ್ಟೆಯ ಮೇಲೆ ಎರಡನೇ ಸಲ ತೆರಿಗೆ ಬೀಳುತ್ತದೆ.

ಎರಡನ್ನೂ ತೂಗಿ ನೋಡಿದರೆ ನಡುವೆ ಒಂದು ದಾರಿ ಕಾಣುತ್ತದೆ. ಯಾರಿಂದ ಏನು ಕೊಂಡೆವು ಎಂದು ರಿಜಿಸ್ಟರ್ ಇಟ್ಟು, ಹಣವನ್ನು ಬ್ಯಾಂಕ್ ಮೂಲಕ ಕೊಟ್ಟು, ಬಿಚ್ಚುವ ಮೊದಲು ಬಟ್ಟೆಯ ಫೋಟೋ ತೆಗೆದಿಟ್ಟವರಿಗೆ ಹಳೇ ಬಟ್ಟೆಯ ಬೆಲೆ ಕಳೆದು ತೆರಿಗೆ ಹಾಕಬಹುದು. ಮೋಸದ ಭಯಕ್ಕೆ ಉತ್ತರವೂ ಸಿಗುತ್ತದೆ, ದುಡಿಯುವವರಿಗೆ ನ್ಯಾಯವೂ ಸಿಗುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ನಿಯಮದ ಒಂದು ಸಾಲು ಬದಲಾದರೆ ಸಾಕು. ಜಿಎಸ್‌ಟಿ ಮಂಡಳಿ ಇದನ್ನು ಎತ್ತಿಕೊಳ್ಳಬೇಕು.

ಸಣ್ಣವರಿಗೆ ಈಗ ಇರುವ ದಾರಿಗಳು

ಇಷ್ಟೆಲ್ಲ ಓದಿ ಮನೆಯಲ್ಲಿ ಹೊಲಿದು ಮಾರುವವರು ಗಾಬರಿಯಾಗಬೇಕಿಲ್ಲ. ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ, ರಾಜ್ಯದೊಳಗಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯೇ ಬೇಡ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವಂತೆಯೂ ಇಲ್ಲ. ಬಿಲ್‌ನಲ್ಲಿ ತೆರಿಗೆ ಹಾಕಿದ್ದರೆ ಜಿಎಸ್‌ಟಿ ನಂಬರ್ ಇದೆಯೇ ಎಂದು ಕೊಳ್ಳುವವರು ನೋಡಿಕೊಳ್ಳಬೇಕು.

ಆದರೂ ಬೆಂಗಳೂರಿನ ಸಣ್ಣ ವ್ಯಾಪಾರಿಗಳಲ್ಲಿ ಒಂದು ಅಂಜಿಕೆ ಕೂತುಬಿಟ್ಟಿದೆ. ಅದಕ್ಕೆ ಕಾರಣ 2025ರ ಜುಲೈನ ಘಟನೆಗಳು. ಯುಪಿಐ ಮೂಲಕ ಬಂದ ಹಣ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದರು. ಮನೆ ಖರ್ಚಿಗೆ ಬಂದ ಹಣ, ನೆಂಟರು ಕಳಿಸಿದ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಗೆ ಬರುತ್ತಿದ್ದವರಿಗೆ ಲೆಕ್ಕ ಬಿಡಿಸಿ ತೋರಿಸುವುದು ಕಷ್ಟವಾಯಿತು. ಹೊಲಿಗೆಯ ಸಣ್ಣ ಉದ್ಯಮ ನಡೆಸುವವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು. ಮನೆಯ ಖಾತೆಯಲ್ಲೇ ವ್ಯಾಪಾರವನ್ನೂ ನಡೆಸುವವರು ಹೆಚ್ಚು. ವ್ಯಾಪಾರಕ್ಕೆ ಬೇರೆ ಖಾತೆ ಮಾಡಿಕೊಳ್ಳುವುದು ಅವರಿಗೆ ಮೊದಲು ಆಗಬೇಕಾದ ಕೆಲಸ.

ಇನ್ನೊಂದು ತೊಡಕು ರಾಜ್ಯದ ಗಡಿ. ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ಸಾಮಾನ್ಯವಾಗಿ ನೋಂದಣಿ ಬೇಕು. ಕರಕುಶಲ ವಸ್ತುಗಳೆಂದು ಪಟ್ಟಿಯಲ್ಲಿ ಗುರುತಿಸಿದವಕ್ಕೆ ಮಾತ್ರ ವಿನಾಯಿತಿ ಇದೆ. ಅಂದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಲಿಯುವವರು ಬೀದರಿಗೆ ಜಾಕೆಟ್ ಕಳಿಸಬಹುದು, ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿಗೆ ಕಳಿಸಬೇಕಾದರೆ ನೋಂದಣಿಯ ಪ್ರಶ್ನೆ ಏಳುತ್ತದೆ.

ವಹಿವಾಟು ಬೆಳೆದವರಿಗೆ ಕಾಂಪೊಸಿಷನ್ ಯೋಜನೆ ಇದೆ. ಒಂದೂವರೆ ಕೋಟಿ ರೂಪಾಯಿವರೆಗೆ ವಹಿವಾಟಿರುವ ತಯಾರಕರು, ವ್ಯಾಪಾರಿಗಳು ವಹಿವಾಟಿನ ಶೇ 1ರಷ್ಟು ಕಟ್ಟಿದರೆ ಆಯಿತು. 2,500ರ ಗೆರೆಯ ತಲೆನೋವು ಇಲ್ಲ. ಮೇಲಿನ ಜಾಕೆಟ್ಟಿಗೆ 504ರ ಬದಲು 28 ರೂಪಾಯಿ. ಆದರೆ ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ಬೇರೆ ರಾಜ್ಯಕ್ಕೂ ಮಾರುವಂತಿಲ್ಲ. ಬೆಂಗಳೂರಿನಲ್ಲೇ ಹೊಲಿದು ಬೆಂಗಳೂರಿನವರಿಗೇ ಮಾರುವ ಅಂಗಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ.

ಎಲ್ಲಕ್ಕಿಂತ ಸರಳ ದಾರಿ ಮನೆಯವರದ್ದು. ನಿಮ್ಮದೇ ಸೀರೆಯನ್ನು ನಿಮ್ಮದೇ ಬೀದಿಯ ಟೈಲರ್‌ಗೆ ಕೊಟ್ಟು ಕುರ್ತಾ ಹೊಲಿಸಿದರೆ ಅಲ್ಲಿ ಬಟ್ಟೆಯ ಮಾರಾಟವೇ ಇಲ್ಲ. ಇರುವುದು ಹೊಲಿಗೆ ಕೂಲಿ. ಬಡಾವಣೆಯ ಟೈಲರ್‌ಗಳಲ್ಲಿ ಹೆಚ್ಚಿನವರು 20 ಲಕ್ಷದ ಮಿತಿಯ ಹತ್ತಿರವೂ ಬರುವುದಿಲ್ಲ.

ಮೇಜಿನ ಮೇಲೆ ಏನಾಗುತ್ತದೆ

ಹಳೇ ಬಟ್ಟೆ ಅಂದಮೇಲೆ ಕಡಿಮೆ ಬೆಲೆ ಇರಬೇಕು ಅಲ್ವಾ ಎಂದು ಕೇಳುವವರು ಬಹಳ. ಉತ್ತರ ಕತ್ತರಿ ಹಿಡಿದ ಕೈಯಲ್ಲಿದೆ.

ಕಾರ್ಖಾನೆಯಲ್ಲಿ ಉದ್ದ ಮೇಜಿನ ಮೇಲೆ ಬಟ್ಟೆಯ ಹತ್ತಾರು ಪದರ ಹಾಸುತ್ತಾರೆ. ಮೇಲೆ ಗುರುತಿನ ಕಾಗದ ಇಟ್ಟು, ಯಂತ್ರದ ಕತ್ತಿಯಲ್ಲಿ ಒಂದೇ ಸಲ ಕತ್ತರಿಸುತ್ತಾರೆ. ಒಂದು ಗೆರೆ ಎಳೆಯುವಷ್ಟರಲ್ಲಿ ಹತ್ತಾರು ಶರ್ಟಿನ ತೋಳು ಸಿದ್ಧ. ಎಲ್ಲ ಒಂದೇ ಬಣ್ಣ, ಒಂದೇ ದಪ್ಪ, ಒಂದೇ ಅಳತೆ.

ಹಳೇ ಸೀರೆಗೆ ಹಾಗೆ ಮಾಡಲಾಗದು. ಮಾಸ್ಟರ್ ಮೊದಲು ಅದನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ವರ್ಷಗಟ್ಟಲೆ ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಮಡಿಕೆಯಲ್ಲೇ ಸೀಳುತ್ತದೆ, ಅದರಲ್ಲೂ ಜರಿ ಇರುವ ಕಡೆ. ಎರಡೂ ಹೆಬ್ಬೆರಳು ಒತ್ತಿ ಮೆಲ್ಲಗೆ ಎಳೆದು ನೋಡುತ್ತಾರೆ. ಚರ್ ಎಂದು ಸದ್ದು ಬಂದರೆ ಆ ಭಾಗ ಬಿಡಬೇಕು, ಇಲ್ಲವೇ ಹಿಂದೆ ತೆಳು ಬಟ್ಟೆ ಅಂಟಿಸಿ ಗಟ್ಟಿ ಮಾಡಬೇಕು. ಆಮೇಲೆ ಫಾಲ್ ಬಿಚ್ಚಬೇಕು. ಫಾಲ್ ಬಿಚ್ಚಿದ ಕಡೆ ಸೂಜಿ ತೂತಿನ ಸಾಲು ಉಳಿಯುತ್ತದೆ, ರೇಷ್ಮೆಯಲ್ಲಿ ಅದು ಸುಲಭಕ್ಕೆ ಮುಚ್ಚುವುದಿಲ್ಲ. ನೆರಿಗೆ ಬೀಳುತ್ತಿದ್ದ ಕಡೆ ನೆಲಕ್ಕೆ ಉಜ್ಜಿ ಅಂಚು ಸವೆದಿರುತ್ತದೆ. ಊಟದ ಕಲೆ, ಕುಂಕುಮದ ಕಲೆ ಎಲ್ಲೆಲ್ಲಿದೆ ಎಂದು ಚಾಕ್‌ಪೀಸಿನಲ್ಲಿ ಗುರುತು ಹಾಕಬೇಕು. ಇದೆಲ್ಲ ಮುಗಿದ ಮೇಲೆ ಉಳಿದ ಒಳ್ಳೇ ಬಟ್ಟೆಯಲ್ಲಿ ಬೆನ್ನು ಎಲ್ಲಿ ಬರಬೇಕು, ಅಂಚು ಎದೆಗೆ ಬರಬೇಕೋ ತೋಳಿಗೋ ಎಂಬ ಯೋಚನೆ.

ಇಳಕಲ್ ಸೀರೆಯಾದರೆ ಇನ್ನೊಂದು ಎಚ್ಚರ. ಅದರಲ್ಲಿ ಮೈಯ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಎಷ್ಟೋ ಸೀರೆಗಳಲ್ಲಿ ಮೈ ಹತ್ತಿ, ಸೆರಗು ರೇಷ್ಮೆ. ನೀರು ಬಿದ್ದರೆ ಎರಡೂ ಒಂದೇ ಥರ ಕುಗ್ಗುವುದಿಲ್ಲ. ನೆನೆಸಿ ಒಣಗಿಸದೆ ಎರಡನ್ನೂ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಉಡುಪು ಎಳೆದುಕೊಳ್ಳುತ್ತದೆ.

ಜೀನ್ಸಿನ ಕಥೆ ಬೇರೆ. ಅದರ ದಪ್ಪ ಜೋಡಿ ಹೊಲಿಗೆ ಬಿಚ್ಚುವುದರಲ್ಲೇ ಕೈ ಸೋಲುತ್ತದೆ. ಬಿಚ್ಚಿದ ಕಡೆ ಬಿಸಿಲು ಕಾಣದ ಬಟ್ಟೆ ಕಡುನೀಲಿ ಗೆರೆಯಾಗಿ ಉಳಿಯುತ್ತದೆ. ಜಾಣ ಟೈಲರ್ ಅದನ್ನು ಅಡಗಿಸಲು ಹೋಗುವುದಿಲ್ಲ. ಆ ಗೆರೆಯನ್ನೇ ಸ್ಕರ್ಟಿನ ಮುಂಭಾಗಕ್ಕೆ ತಂದು ಅಲಂಕಾರ ಮಾಡುತ್ತಾರೆ.

ಈ ಎಲ್ಲ ತೀರ್ಮಾನಗಳೂ ಪ್ರತಿ ಬಟ್ಟೆಗೂ ಹೊಸದಾಗಿ ಆಗಬೇಕು. ಹತ್ತು ಜಾಕೆಟ್ ಮಾಡಿದರೆ ಹತ್ತು ಸಲ. ಬೆಲೆ ಏರುವುದು ಇದರಿಂದ. ಬಟ್ಟೆಯಲ್ಲಿ ಉಳಿಸಿದ ಹಣ ಕೂಲಿಗೆ ಹೋಗುತ್ತದೆ, ಹೋಗಲೂ ಬೇಕು. ಇಂಥ ಉಡುಪು 600 ರೂಪಾಯಿಗೆ ಸಿಕ್ಕರೆ ಹೊಲಿದವರಿಗೆ ಎಷ್ಟು ಕೊಟ್ಟಿರಬಹುದು ಎಂದು ಒಂದು ಕ್ಷಣ ಯೋಚಿಸಬೇಕು.

ಹಳೇ ಬಟ್ಟೆ ಸದ್ಯ ಎಲ್ಲಿಗೆ ಹೋಗುತ್ತಿದೆ

2022ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಬಟ್ಟೆ ತ್ಯಾಜ್ಯವಾಗುತ್ತದೆ. ಅದರಲ್ಲಿ ಅರ್ಧದಷ್ಟು ಜನ ಉಟ್ಟು ಬಿಟ್ಟದ್ದು, ಉಳಿದದ್ದರಲ್ಲಿ ಹೆಚ್ಚಿನದು ಕಾರ್ಖಾನೆಗಳ ಕತ್ತರಿ ಚೂರು.

ನಮ್ಮಲ್ಲಿ ಹಳೇ ಬಟ್ಟೆಯನ್ನು ಹಾಗೇ ಎಸೆಯುವ ಅಭ್ಯಾಸ ಇರಲಿಲ್ಲ. ಅಮ್ಮನ ಸೀರೆ ಮಗಳ ಲಂಗವಾಗುತ್ತಿತ್ತು, ಆಮೇಲೆ ಮಗುವಿನ ತೊಟ್ಟಿಲ ಬಟ್ಟೆ, ಕೊನೆಗೆ ನೆಲ ಒರೆಸುವ ಬಟ್ಟೆ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ, ಧೋತರಗಳ ಪದರ ಸೇರಿಸಿ ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಬಣ್ಣದ ತುಂಡುಗಳಿಗೇ ಹೆಸರಾಗಿವೆ. ಬೆಂಗಳೂರಿನ ಬೀದಿಗಳಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಕೂಗು ಕೇಳುತ್ತಿತ್ತು. ಅಪಾರ್ಟ್‌ಮೆಂಟಿನ ಗೇಟು ಬಂದಮೇಲೆ ಆ ಕೂಗು ಒಳಗೆ ಬರುವುದು ನಿಂತಿತು. ಬಟ್ಟೆ ಕೊಡುವವರಿಗೂ ಕೊಂಡೊಯ್ಯುವವರಿಗೂ ನಡುವೆ ಇದ್ದ ಕೊಂಡಿ ಕಳಚಿತು.

ರೇಷ್ಮೆ ಸೀರೆಗಳಿಗೆ ಬೇರೆ ಗಿರಾಕಿಗಳಿದ್ದಾರೆ. ‘ಹಳೇ ಜರಿ ಸೀರೆ ಕೊಳ್ಳುತ್ತೇವೆ’ ಎಂಬ ಬೋರ್ಡುಗಳನ್ನು ಪೇಟೆಯ ಕಡೆ ಓಡಾಡುವವರು ನೋಡಿರುತ್ತಾರೆ. ಅವರಿಗೆ ಬೇಕಾದದ್ದು ಜರಿಯಲ್ಲಿರುವ ಬೆಳ್ಳಿ. ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಆ ನೇಯ್ಗೆ ಬೂದಿಯಾಗುತ್ತದೆ. ಜಾಕೆಟ್ ಮಾಡುವವರು ಜರಿ ವ್ಯಾಪಾರಿಗಿಂತ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ಆ ಸೀರೆ ಉಳಿಯುತ್ತದೆ. ತೆರಿಗೆಯ 504 ರೂಪಾಯಿಗೂ ಈ ಬೂದಿಗೂ ಇರುವ ಸಂಬಂಧ ಇದು. ಲಾಭದ ಅಂತರ ಕಿರಿದಾದಷ್ಟೂ ಟೈಲರ್ ಕೊಡಬಲ್ಲ ಬೆಲೆ ತಗ್ಗುತ್ತದೆ, ಸೀರೆ ಒಲೆಗೆ ಹೋಗುತ್ತದೆ.

ಉಳಿದ ಬಟ್ಟೆಯಲ್ಲಿ ಸ್ವಲ್ಪ, ಹಳೇ ಬಟ್ಟೆ ಸಂಗ್ರಹಿಸಿ ಬೇಕಾದವರಿಗೆ ತಲುಪಿಸುವ ಗೂಂಜ್‌ನಂಥ ಸಂಸ್ಥೆಗಳಿಗೆ ಹೋಗುತ್ತದೆ. ಬಹಳಷ್ಟು ಮನೆಯ ಕಸದ ಜೊತೆ ಹೊರಡುತ್ತದೆ. ಒಣ ಕಸದಲ್ಲಿ ಹಾಕಿದರೆ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಯಾರಾದರೂ ಬೇರೆ ಮಾಡಬಹುದು. ಸಾಂಬಾರಿನ ಜೊತೆ ಒಂದು ರಾತ್ರಿ ಇದ್ದ ಶರ್ಟನ್ನು ಯಾರೂ ಏನೂ ಮಾಡಲಾರರು. ಅದು ನಗರದ ಕಸ ಸುರಿಯುವ ಮಿಟ್ಟಗಾನಹಳ್ಳಿಯ ಗುಂಡಿಗೆ ಹೋಗಿ ಬೀಳುತ್ತದೆ. ಒಣ, ಒಗೆದ, ಮಡಚಿದ ಬಟ್ಟೆ ಬೇರೆ ಚೀಲದಲ್ಲಿ ಹೋದರೆ ಮಾತ್ರ ಮುಂದಿನ ಎಲ್ಲ ಮಾತು.

ಲೋಗೋ ಇದ್ದರೆ ಹುಷಾರು

ಬ್ರ್ಯಾಂಡಿನ ಹಳೇ ಟೀ ಶರ್ಟನ್ನು ಹಾಗೇ ಮಾರುವುದು ತಪ್ಪಲ್ಲ. ನ್ಯಾಯವಾಗಿ ಕೊಂಡ ವಸ್ತುವನ್ನು ಮತ್ತೆ ಮಾರುವ ಹಕ್ಕು ಇದೆ ಎಂದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಆದರೆ ಮಾರುಕಟ್ಟೆಗೆ ಬಂದ ಮೇಲೆ ವಸ್ತುವಿನ ಸ್ಥಿತಿ ಬದಲಾಗಿದ್ದರೆ ಕಂಪನಿ ಆಕ್ಷೇಪ ಎತ್ತಬಹುದು ಎಂದೂ ಅದೇ ಸೆಕ್ಷನ್‌ನಲ್ಲಿ ಇದೆ. ಹೆಸರಾಂತ ಕಂಪನಿಯ ಲೋಗೋವನ್ನು ಕತ್ತರಿಸಿ ಹೊಸ ಜಾಕೆಟ್ಟಿನ ಎದೆಗೆ ಹೊಲಿದರೆ, ಅದು ಆ ಕಂಪನಿಯದ್ದೇ ಎಂದು ಕೊಳ್ಳುವವರು ನಂಬಬಹುದು. ಲೋಗೋ ತೆಗೆದು ಸ್ವಂತ ಲೇಬಲ್ ಹಾಕುವುದು ಕ್ಷೇಮ. ಕಾನೂನು ಇಲ್ಲಿ ಕೇಳುತ್ತಿರುವುದೂ ತೆರಿಗೆಯವರು ಕೇಳಿದ ಪ್ರಶ್ನೆಯನ್ನೇ: ಇದು ಅದೇ ವಸ್ತುವೋ, ಬೇರೆಯೋ?

ಪರಿಸರಕ್ಕೆ ಎಷ್ಟು ಲಾಭ

ಒಂದು ಹತ್ತಿ ಟೀ ಶರ್ಟಿಗೆ, ಹತ್ತಿ ಬೆಳೆಯುವುದೂ ಸೇರಿ, ಅಂದಾಜು 2,700 ಲೀಟರ್ ನೀರು ಬೇಕು ಎನ್ನುತ್ತಾರೆ. ಇರುವ ಬಟ್ಟೆಯನ್ನೇ ಬಳಸಿದರೆ ಆ ನೀರು ಉಳಿಯಿತು ಎಂಬುದು ಸಾಮಾನ್ಯ ವಾದ. ಇದು ನಿಜವಾಗುವುದು ಒಂದು ಷರತ್ತಿನ ಮೇಲೆ. ಹಳೇದರಿಂದ ಮಾಡಿದ ಉಡುಪು ಹೊಸದೊಂದರ ಬದಲಿಗೆ ಬಂದಿರಬೇಕು. ತಿಂಗಳಿಗೆ ನಾಲ್ಕು ಹೊಸ ಡ್ರೆಸ್ ಜೊತೆಗೆ ಇದೂ ಒಂದು ಎಂದರೆ ಉಳಿದದ್ದು ಏನೂ ಇಲ್ಲ.

ಬಟ್ಟೆಯ ಗುಣಮಟ್ಟವೂ ಅಡ್ಡಿ. ಜಗತ್ತಿನಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ತೆಳು ಪಾಲಿಯೆಸ್ಟರ್‌ಗೆ ಸ್ವಲ್ಪ ಎಲಾಸ್ಟಿಕ್ ನೂಲು ಬೆರೆಸಿದ ಅಗ್ಗದ ಟಾಪನ್ನು ಬಿಚ್ಚಿದರೆ ಅಂಚು ಸುರುಳಿ ಸುತ್ತುತ್ತದೆ, ಗಂಟು ಗಂಟಾಗಿರುತ್ತದೆ. ಮತ್ತೆ ಹೊಲಿಯುವಂಥದ್ದು ಏನೂ ಉಳಿದಿರುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಹತ್ತಿ ಶರ್ಟು ಇಂದೂ ಕತ್ತರಿಗೆ ಒದಗುತ್ತದೆ. ಇಂದಿನ 299 ರೂಪಾಯಿಯ ಟಾಪು ಎರಡು ವರ್ಷದ ನಂತರ ಒದಗುವುದಿಲ್ಲ.

ಇನ್ನೂ ಎರಡು ಆಕ್ಷೇಪಗಳನ್ನು ಇಲ್ಲಿ ಹೇಳಬೇಕು. ಭಾನುವಾರದ ಬಜಾರುಗಳಲ್ಲಿ ಐವತ್ತು, ನೂರು ರೂಪಾಯಿಗೆ ಹಳೇ ಪ್ಯಾಂಟು, ಸ್ವೆಟರ್ ಕೊಳ್ಳುವ ಕೂಲಿಕಾರರಿದ್ದಾರೆ. ಹಳೇ ಬಟ್ಟೆ ಫ್ಯಾಷನ್ ಆದಂತೆಲ್ಲ ಒಳ್ಳೇ ಮಾಲು ಮೊದಲೇ ಬೇರೆ ಕಡೆ ಹೋಗಿ ಅವರಿಗೆ ಸಿಗುವುದು ಕಡಿಮೆಯಾಗಬಹುದು. ಎರಡನೆಯದು ಕೈಮಗ್ಗದ ಪ್ರೀತಿ ಇರುವವರ ಮಾತು: ಚೆನ್ನಾಗಿರುವ ಹಳೇ ಇಳಕಲ್, ಪಟ್ಟೆದಂಚು ಸೀರೆಗಳನ್ನು ಸುಮ್ನೆ ಟಾಪಿಗಾಗಿ ಕತ್ತರಿಸಬೇಡಿ. ಎರಡೂ ಸರಿಯಾದ ಮಾತು. ಹಾಗೇ ಉಡಬಹುದಾದ ಬಟ್ಟೆ ಹಾಗೇ ಉಡುವವರಿಗೆ ಹೋಗಲಿ. ಹರಿದದ್ದು, ಕಲೆಯಾದದ್ದು, ಅಳತೆ ತಪ್ಪಿದ್ದು ಕತ್ತರಿಗೆ ಬರಲಿ. ಬೆಳಕಿಗೆ ಹಿಡಿದು ನೋಡುವ ಮಾಸ್ಟರ್‌ಗೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಮುಂದೆ ಏನಾಗಬಹುದು

ಮೊದಲು ಕಾಣುವ ಪರಿಣಾಮ ಬೆಲೆಪಟ್ಟಿಯಲ್ಲಿ. ನೋಂದಣಿ ಇರುವ ಅಂಗಡಿಯಲ್ಲಿ 2,500 ರೂಪಾಯಿಯ ಉಡುಪಿಗೆ ತೆರಿಗೆ ಸೇರಿ 2,625. ಒಂದೇ ಒಂದು ರೂಪಾಯಿ ಹೆಚ್ಚಿಸಿ 2,501 ಮಾಡಿದರೆ 2,951. ಹಾಗಾಗಿ ಉಡುಪುಗಳು ಗೆರೆಯ ಕೆಳಗೇ ಗುಂಪಾಗುತ್ತವೆ. 2,900 ಬೆಲೆ ಬೀಳುವ ಜಾಕೆಟ್ಟನ್ನು 2,490ಕ್ಕೆ ಇಳಿಸಬೇಕಾದರೆ ಎಲ್ಲಿ ಕಡಿತ ಮಾಡುತ್ತಾರೆ? ಲೈನಿಂಗ್ ತೆಗೆಯುತ್ತಾರೆ, ಕೈ ಕಸೂತಿ ಬಿಡುತ್ತಾರೆ, ಇಲ್ಲವೇ ಕೂಲಿ ತಗ್ಗಿಸುತ್ತಾರೆ. ಮೂರರಲ್ಲಿ ಯಾವುದಾದರೂ ಪೆಟ್ಟು ಬೀಳುವುದು ಹೊಲಿಯುವವರಿಗೇ. ಶೇ 18ರ ಗೆರೆಯನ್ನು ಮೇಲೇರಿಸಿ, ಇಲ್ಲವೇ ಎಲ್ಲ ಉಡುಪಿಗೂ ಶೇ 5 ಮಾಡಿ ಎಂದು ಉಡುಪು ತಯಾರಕರ ಕಡೆಯಿಂದಲೂ ಒತ್ತಾಯ ಇದೆ. ಅದು ಆದರೆ ಹಳೇ ಬಟ್ಟೆಯವರಿಗೂ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧ, ಅಂದರೆ ಪೂರ್ತಿ ಬೆಲೆಗೆ ತೆರಿಗೆ ಎಂಬುದು, ಹಾಗೇ ಇರುತ್ತದೆ.

ಎರಡನೆಯದು ಯುರೋಪಿನಿಂದ ಬರುವ ಗಾಳಿ. ಅಲ್ಲಿಯ ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿಯಿಂದ ಹಳೇ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸುವುದು ಕಡ್ಡಾಯ. ಮಾರಾಟವಾಗದೆ ಉಳಿದ ಉಡುಪುಗಳನ್ನು ದೊಡ್ಡ ಕಂಪನಿಗಳು ನಾಶಮಾಡುವಂತಿಲ್ಲ ಎಂಬ ನಿಯಮ 2026ರ ಜುಲೈ 19ರಿಂದ ಅನ್ವಯವಾಗುವಂತೆ ಬಂದಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳು ಹೊಲಿಯುವುದರಲ್ಲಿ ದೊಡ್ಡ ಪಾಲು ಹೊರದೇಶಗಳಿಗೆ. ಉಳಿದ ಮಾಲಿನ ಲೆಕ್ಕವನ್ನು ಕೊಳ್ಳುವ ಕಂಪನಿಗಳು ಕೇಳತೊಡಗಿದರೆ, ಮಿಕ್ಕ ಥಾನು, ಕತ್ತರಿ ಚೂರು, ತಿರಸ್ಕರಿಸಿದ ಶರ್ಟುಗಳನ್ನು ಮತ್ತೆ ಉಡುಪು ಮಾಡುವ ಕೆಲಸಕ್ಕೆ ಇಲ್ಲೇ ಬೇಡಿಕೆ ಹುಟ್ಟಬಹುದು.

ಆಗ ಈ ಕೆಲಸವನ್ನು ಮಾಡುವವರು ಯಾರು? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದುಡಿಯುತ್ತಾರೆ. ಇವರಿಗಿಂತ ಹೊಲಿಗೆ ಗೊತ್ತಿರುವವರು ಬೇಕೇ ಎನಿಸಬಹುದು. ಆದರೆ ಕಾರ್ಖಾನೆಯ ಲೈನಿನಲ್ಲಿ ಒಂದು ಶರ್ಟನ್ನು ಹತ್ತಾರು ತುಂಡು ಕೆಲಸವಾಗಿ ಹಂಚಿರುತ್ತಾರೆ. ಕಾಲರ್ ಕೂರಿಸುವವರು ವರ್ಷಗಟ್ಟಲೆ ಕಾಲರ್ ಕೂರಿಸುತ್ತಾರೆ, ಕಾಜಾ ಹಾಕುವವರು ಕಾಜಾ. ಕೈ ವೇಗ ಅದ್ಭುತ. ಪೂರ್ತಿ ಉಡುಪನ್ನು ಅಳತೆಯಿಂದ ಗುಂಡಿಯವರೆಗೆ ಒಬ್ಬರೇ ಮಾಡುವ ಅವಕಾಶ ಅವರಿಗೆ ಸಿಕ್ಕಿರುವುದಿಲ್ಲ. ಅದು ಗೊತ್ತಿರುವುದು ಶಿವಾಜಿನಗರ, ಮಲ್ಲೇಶ್ವರ, ಗಾಂಧಿ ಬಜಾರಿನ ಒಳಬೀದಿಗಳಲ್ಲಿ ಕೂತಿರುವ ವಯಸ್ಸಾದ ಮಾಸ್ಟರ್‌ಗಳಿಗೆ. ಅವರಲ್ಲಿ ಹಲವರಿಗೆ ಈಗ ಆಲ್ಟರೇಷನ್, ಫಾಲ್, ಪಿಕೋ ಬಿಟ್ಟರೆ ಬೇರೆ ಕೆಲಸ ಬರುವುದು ಕಡಿಮೆ. ಮಕ್ಕಳು ಅಂಗಡಿಗೆ ಕೂರುತ್ತಿಲ್ಲ.

ಸರ್ಕಾರದ ಹೊಲಿಗೆ ತರಬೇತಿಗಳಲ್ಲಿ ಹೊಸ ಬಟ್ಟೆ ಕತ್ತರಿಸಿ ಬ್ಲೌಸ್, ಚೂಡಿದಾರ್ ಹೊಲಿಯುವುದನ್ನು ಕಲಿಸುತ್ತಾರೆ. ಹಳೇ ಬಟ್ಟೆಯನ್ನು ಓದುವುದು, ಬಿಚ್ಚುವುದು, ಉಳಿದದ್ದರಲ್ಲಿ ಉಡುಪು ಹೊಂದಿಸುವುದು ಬೇರೆಯದೇ ವಿದ್ಯೆ. ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿರುವ ನಲವತ್ತು ದಾಟಿದ ಹೆಣ್ಣುಮಕ್ಕಳನ್ನು ಈ ಮಾಸ್ಟರ್‌ಗಳ ಮೇಜಿನ ಪಕ್ಕ ಆರು ತಿಂಗಳು ಕೂರಿಸಿ, ಇಬ್ಬರಿಗೂ ಸಂಬಳ ಕೊಟ್ಟರೆ ಆ ವಿದ್ಯೆ ಮುಂದಿನವರಿಗೆ ದಾಟುತ್ತದೆ. ಅದಕ್ಕೆ ಬೇಕಾದ ಬಟ್ಟೆ ಪ್ರತಿ ವಾರ್ಡಿನ ಒಣ ಕಸದಲ್ಲಿದೆ. ಮೇಜುಗಳೂ ಇನ್ನೂ ಇವೆ. ಮಾಸ್ಟರ್‌ಗಳ ಕಣ್ಣು ಮಂಜಾಗುವ ಮೊದಲು ಇದು ಶುರುವಾಗಬೇಕು.